ಬಚ್ಚಲಮನೆಗೊಂದು ಬಾಗಿಲು

"ಇನ್ನು ಯಾವ ಬಡಗಿಯ ಕಾಲೂ ಹಿಡಿಯುವುದಿಲ್ಲ! ನಮ್ಮ ಬಚ್ಚಲಮನೆಯ ಬಾಗಿಲನ್ನು ನಾನೇ ಮಾಡುತ್ತೇನೆ!"

ದಾಸನಕೊಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ನಾನು ಹೀಗೆ ಘರ್ಜಿಸಿದಾಗ, ಹೆಂಡತಿ ರೋಹಿಣಿ ಗಾಲಿ ಕುರ್ಚಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಪುಸ್ತಕ-ಪೆನ್ನಿನ ಅಂಗಡಿ ಇಟ್ಟವ್ರು ನೀವು. ಕಟಗಿ ಕೆಲಸದಾಗ ನಿಮಗ ಬರೂದು ಪೆನ್ಸಿಲ್ ಕೆತ್ತೂದು ಒಂದ. ಅದರದೂ ಮೊನಿ ಮುರೀತೀರಿ!"

ಆ ಕುರ್ಚಿ ಮನೆಗೆ ಬಂದದ್ದು ಹೋದ ಸುಗ್ಗಿಯಲ್ಲಿ. ಅಟ್ಟದಿಂದ ಬಿದ್ದ ರೋಹಿಣಿಗೆ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಶಾ ಕಾರ್ಯಕರ್ತೆಯಾಗಿದ್ದವಳು, ಊರಲ್ಲಿ ಅವಳು ದಾಟದ ಹೊಸ್ತಿಲಿರಲಿಲ್ಲ. ಈಗ ಸ್ವಂತ ಬಚ್ಚಲಮನೆಯೇ ಅವಳನ್ನು ಒಳಗೆ ಬಿಡುತ್ತಿರಲಿಲ್ಲ! ಕುರ್ಚಿ ಅಗಲ, ಬಾಗಿಲು ಇಕ್ಕಟ್ಟು. ಪ್ರತಿ ಸಲವೂ ಅವಳನ್ನು ಎತ್ತಿಕೊಂಡು ಹೋಗಬೇಕು. ಎತ್ತುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನೋವಿಗಲ್ಲ, ನಾಚಿಕೆಗೆ. ಬಡಗಿಗಳೋ, ಮುಂದಿನ ವಾರ ಬರುತ್ತೇವೆ ಎಂದವರು ಮುಂದಿನ ವಾರವನ್ನೇ ಮುಂದೂಡುತ್ತ ಹೋದರು.

ಶಿರಸಿಯಲ್ಲಿ ಮನೆ ಕಟ್ಟುವ ಮರಗೆಲಸದ ತರಬೇತಿ ಶುರುವಾಗಿದೆ ಎಂದು ಕಿವಿಗೆ ಬಿದ್ದದ್ದೇ ತಡ, ಹೋಗಿ ಸೇರಿದೆ. ಮೊದಲ ದಿನವೇ ನನ್ನ ಗರಗಸ ಪರಾಕ್ರಮ ತೋರಿತು. ಹಲಗೆಯ ಜೊತೆಗೆ ಅದರಡಿಯ ಬೆಂಚೂ ತುಂಡಾಯಿತು!

"ಮಾರಾಯ್ರೇ, ಬಾಗಿಲು ಮಾಡೂಕೆ ಬಂದದ್ದೋ, ನಮ್ಮ ಬಾಗಿಲು ಹಾಕಿಸೂಕೆ ಬಂದದ್ದೋ?" ಎಂದರು ನಮಗೆ ಕಲಿಸುತ್ತಿದ್ದ ಮಂಜಪ್ಪ ಮೇಸ್ತ್ರಿಗಳು.

ಆದರೂ ಕಲಿತೆ. ಉಳಿ ಹಿಡಿದೆ, ಬೆರಳು ಕೊಯ್ದುಕೊಂಡೆ, ಸಂಜೆ ಬಸ್ಸಿಳಿದು ಬಂದು ರೋಹಿಣಿಯ ಮುಂದೆ ಕೊಚ್ಚಿಕೊಂಡೆ. ಹಗಲಲ್ಲಿ ಅವಳನ್ನು ನೋಡಿಕೊಳ್ಳಲು ಪಕ್ಕದ ಮನೆಯ ಪಾರ್ವತವ್ವ ಇದ್ದಳು. ನನಗೇನು ಚಿಂತೆ?

ಒಂದು ಸಂಜೆ ಬಂದಾಗ ರೋಹಿಣಿಯ ಮೈ ಕೆಂಡದಂತೆ ಸುಡುತ್ತಿತ್ತು. ಶಿರಸಿಗೆ ಓಡಿದೆವು. ಪರೀಕ್ಷೆ ಮಾಡಿದ ಡಾಕ್ಟರಮ್ಮ ಕೇಳಿದರು, "ಮೂತ್ರದ ಸೋಂಕು. ಇವರು ದಿನವೆಲ್ಲ ನೀರೇ ಕುಡಿಯುವುದಿಲ್ಲವಾ?"

ನಾನು ರೋಹಿಣಿಯತ್ತ ನೋಡಿದೆ. ಅವಳು ಕಿಟಕಿಯತ್ತ ನೋಡಿದಳು.

"ನೀರು ಕುಡದ್ರ ಒಳಗ ಹೋಗಬೇಕಾಗತೈತಿ. ಪಾರ್ವತವ್ವಗ ನನ್ನ ಎತ್ತಾಕ ಆಗತೈತೇನ್ರಿ? ಆಕೀಗೂ ಸೊಂಟ ನೋವು. ನೀವು ಬರೂ ಮಟಾ ನೀರಡಕಿ ತಡಕೊಂತಿದ್ನಿ."

ಊರ ಬಸುರಿಯರಿಗೆಲ್ಲ ನೀರು ಕುಡಿಯಿರಿ, ನೀರು ಕುಡಿಯಿರಿ ಎಂದು ಹೇಳಿಕೊಂಡು ತಿರುಗಿದವಳು! ನಾನು ಅವಳಿಗಾಗಿಯೇ ಬಡಗಿಯಾಗುತ್ತಿದ್ದೆ. ಅವಳು ಮನೆಯಲ್ಲಿ ಬಾಯಿ ಒಣಗಿಸಿಕೊಂಡು ಗಡಿಯಾರ ನೋಡುತ್ತಿದ್ದಳು.

"ನಾಳೆಯಿಂದ ತರಬೇತಿಗೆ ಹೋಗೂದಿಲ್ಲ," ಅಂದೆ.

"ಹೋಗ್ರಿ! ಅರ್ಧಾ ಕಲ್ತ ಬಡಗಿನ್ನ ಮನ್ಯಾಗ ಇಟ್ಕೊಂಡ್ರ ಮನೀನ ಉಳಿಯೂದಿಲ್ಲ. ನನ್ನ ತಂಗಿ ಬಂದು ಇರತಾಳ."

ತರಬೇತಿ ಮುಗಿಯಿತು. ಮತ್ತಿ ಮರದ ಬಾಗಿಲು ತಯಾರಾಯಿತು. ಎಂಥ ಬಾಗಿಲು! ಕೋಟೆಗೆ ಹಾಕಿದರೆ ಆನೆ ಬಂದು ಗುದ್ದಿದರೂ ಜಗ್ಗದು! ಹಳೆಯ ಚೌಕಟ್ಟು ಕಿತ್ತೆ. ಅದರ ಜೊತೆ ಗೋಡೆಯೂ ಒಂದಿಷ್ಟು ಬಂತು. ಅಗಲ ಮಾಡುವ ಶ್ರಮ ಉಳಿಯಿತೆಂದು ಹಿಗ್ಗಿ, ಹೊಸ ಚೌಕಟ್ಟು ಕೂಡಿಸಿ, ಬಾಗಿಲು ನಿಲ್ಲಿಸಿದೆ.

ರೋಹಿಣಿ ಕುರ್ಚಿ ನೂಕಿಕೊಂಡು ತಾನೇ ಒಳಗೆ ಹೋದಳು! ನಾನು ಎದೆಯುಬ್ಬಿಸಿ ಹೊರಗಿನಿಂದ ಬಾಗಿಲು ದೂಡಿದೆ. ಅದು ಅರ್ಧಕ್ಕೇ ಸಿಕ್ಕಿಕೊಂಡಿತು, ಬಲವಾಗಿ ದೂಡಿದೆ. ಧಡ್! ಕೂತಿತು. ಎಂಥ ಕೂರುವಿಕೆ! ಆಮೇಲೆ ಒಳಗಿನಿಂದ ಅವಳು ನೂಕಿದರೂ ಇಲ್ಲ, ಹೊರಗಿನಿಂದ ನಾನು ಜಗ್ಗಿದರೂ ಇಲ್ಲ. ಹಿಡಿಕೆ ಮಾತ್ರ ನನ್ನ ಕೈಗೆ ಬಂತು.

"ಏನ್ರಿ, ಒಳಗ ಬರಾಕ ವರ್ಷ ಹಿಡೀತು. ಹೊರಗ ಬರಾಕ ಎಷ್ಟು ದಿನ ಅಂತ ಹೇಳ್ರಿ, ದ್ವಾಸಿಗೆ ಅಕ್ಕಿ ನೆನಿ ಹಾಕಬೇಕು!"

"ಸ್ವಲ್ಪ ತಡಿ! ಮರ ಸ್ವಲ್ಪ ಉಬ್ಬೇತಿ!"

"ಮರ ಅಲ್ಲ, ನೀವು ಉಬ್ಬೀರಿ!"

ಕೊನೆಗೆ ಪಾರ್ವತವ್ವ ಒನಕೆ ತಂದಳು. ಬಿಜಾಗರಿ ಬಿಚ್ಚಿ, ಒನಕೆಯಿಂದ ಮೀಟಿ ಬಾಗಿಲನ್ನು ಕೆಳಗಿಳಿಸಿದೆವು. ಆ ಜಾಗಕ್ಕೆ ರೋಹಿಣಿಯ ಹಳೆಯ ಸೀರೆಯೊಂದನ್ನು ಪರದೆ ಕಟ್ಟಿದೆ.

ಮರುದಿನ ಅವಳು ಪರದೆ ಸರಿಸಿಕೊಂಡು ಒಳಗೆ ಹೋದಳು. ನೀರು ಸುರಿಯುವ ಸದ್ದು. ಬಹಳ ಹೊತ್ತಿನ ಮೇಲೆ ಅಳುವ ಸದ್ದು. ಪರದೆಯವರೆಗೆ ಹೋದ ನನ್ನ ಕೈ ಹಾಗೇ ನಿಂತಿತು. ಬಿದ್ದಂದಿನಿಂದ ಅವಳು ಅತ್ತದ್ದನ್ನು ನಾನು ಕೇಳಿರಲಿಲ್ಲ. ಒಬ್ಬಳೇ ಕೂತು ಅಳಲು ಅವಳಿಗೆ ಈ ಮನೆಯಲ್ಲಿ ಜಾಗವಾದರೂ ಎಲ್ಲಿತ್ತು?

ಹೊರಗೆ ಬಂದಾಗ ಮುಖ ತೊಳೆದಿದ್ದಳು. ಗೋಡೆಗೆ ಒರಗಿದ್ದ ನನ್ನ ಬಾಗಿಲನ್ನು ದಿಟ್ಟಿಸಿ ಅಂದಳು, "ಅದನ್ನ ಮನಿ ಮುಂದಿನ ಮೆಟ್ಟಿಲ ಮ್ಯಾಲೆ ಮಲಗಸ್ರಿ."

ಮಲಗಿಸಿದೆ. ಜಾರದಂತೆ ಪಟ್ಟಿ ಹೊಡೆದೆ. ಹಿಂದಿನಿಂದ ಕುರ್ಚಿಯನ್ನು ಬಿಗಿಯಾಗಿ ಹಿಡಿದೆ. ನನ್ನ ಬಾಗಿಲಿನ ಮೇಲಿಂದ ಇಳಿದು, ಬಿದ್ದ ಮೇಲೆ ಮೊದಲ ಸಲ ಯಾರೂ ಎತ್ತಿಕೊಳ್ಳದೆ ರೋಹಿಣಿ ಬೀದಿಗೆ ಬಂದಳು.

ಎದುರು ಮನೆಯ ಸೊಸೆ ರಕ್ಷಿತಾ ಓಡಿ ಬಂದಳು. ಅವಳ ಹಿಂದೆ ತಪ್ಪು ಹೆಜ್ಜೆ ಇಡುತ್ತ ಅವಳ ಮಗು. ಅದು ಹುಟ್ಟುವಾಗ ಆಸ್ಪತ್ರೆಯಲ್ಲಿ ರಾತ್ರಿಯಿಡೀ ಜೊತೆಗಿದ್ದವಳು ರೋಹಿಣಿ.

"ಅಯ್ಯ, ಇದು ನಡಿಯಾಕ ಕಲ್ತೈತೇನ!" ಎಂದಳು ರೋಹಿಣಿ. ಮಗು ಬಂದು ಅವಳ ಅಲುಗದ ಮೊಣಕಾಲನ್ನು ಹಿಡಿದು ನಿಂತಿತು. ರಕ್ಷಿತಾ ಮೆಟ್ಟಿಲ ಕಡೆ ಕೈ ತೋರಿದಳು.

"ಅಕ್ಕಾ... ಆ ಬಾಗಿಲಾ ಯಾರು ಮಾಡಿದ್ದು?"

ತರಬೇತಿ ಪಡೆದ ಬಡಗಿ ನಾನು ಕುರ್ಚಿಯ ಹಿಂದೆ ಗಂಟಲು ಸರಿಪಡಿಸಿಕೊಂಡೆ. ರೋಹಿಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ಯಾರು, ನಮ್ಮನಿಯವ್ರು! ಬಚ್ಚಲಕ್ಕ ಬಾಗಿಲಾ ಮಾಡ್ರಿ ಅಂದ್ರ, ರಸ್ತೆ ಮಾಡ್ಯಾರ!"