ಅಪ್ಪನ ಮೀಸೆ, ಬಾರ್ಜಿನ ಚಿಪ್ಪು

ನಮ್ಮಪ್ಪ ಈಜಿನಲ್ಲಿ ಹಿಂದೆ ಬೀಳುವುದಕ್ಕೆ ಅವನ ಮೀಸೆಯೇ ಕಾರಣ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಆದರೆ ಇದು ನನ್ನ ಮಾತಲ್ಲ, ಸ್ವತಃ ಅಪ್ಪನ ಸಂಶೋಧನೆ! ಐದನೇ ಇಯತ್ತೆಗೆ ಶಾಲೆ ಬಿಟ್ಟ ಮನುಷ್ಯ, ನಲವತ್ತು ದಾಟಿದ ಮೇಲೆ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದ. ನೀರು ಮನುಷ್ಯನನ್ನು ಎಲ್ಲೆಲ್ಲಿ ಹಿಡಿದು ಹಿಂದಕ್ಕೆ ಎಳೆಯುತ್ತದೆ?

ಈ ಹುಚ್ಚು ಅವನಿಗೆ ಬಾರ್ಜಿನಿಂದ ಹತ್ತಿದ್ದು. ಅಪ್ಪ ವಿಜಯಪುರದ ಕಡೆಯ ಹಳ್ಳಿಯಿಂದ ಬಂದು, ವಾಸ್ಕೋ ಬಂದರಿನ ಪಕ್ಕದ ಸಡಾ ಗುಡ್ಡದ ಇಳಿಜಾರಿನಲ್ಲಿ ಎರಡು ಕೋಣೆಯ ಮನೆ ಹಿಡಿದು, ಅದಿರು ಸಾಗಿಸುವ ಬಾರ್ಜುಗಳ ತಳ ಕೆರೆಯುವ ಕೆಲಸಕ್ಕೆ ಸೇರಿದ್ದ. ಬಾರ್ಜು ನೀರಲ್ಲಿದ್ದಷ್ಟು ದಿನ ಅದರ ತಳಕ್ಕೆ ಸಣ್ಣ ಸಣ್ಣ ಚಿಪ್ಪುಗಳು ಅಂಟಿಕೊಂಡು ಬೆಳೆಯುತ್ತವೆ. ಅದನ್ನು ದಂಡೆಗೆ ಎಳೆದು ನಿಲ್ಲಿಸಿದಾಗ ಅಪ್ಪ ಅಡಿಯಲ್ಲಿ ಅಂಗಾತ ಮಲಗಿ, ಕಬ್ಬಿಣದ ಪಟ್ಟಿಯಿಂದ ಚಿಪ್ಪು ಕೆರೆದು, ಮೇಲೆ ಕೆಂಪು ಬಣ್ಣ ಹೊಡೆಯುತ್ತಿದ್ದ. ಸಂಜೆ ಮನೆಗೆ ಬಂದರೆ ತಲೆಯಿಂದ ಚಿಪ್ಪಿನ ಚೂರು ಉದುರುತ್ತಿತ್ತು. ಜೊತೆಗೆ ಉಪದೇಶವೂ ಉದುರುತ್ತಿತ್ತು.

"ಅದ ಇಂಜಿನ್ನು, ಅದ ಡೀಸೆಲ್ಲು. ಕೆರದ ಮ್ಯಾಲೆ ಹೆಂಗ ಓಡತೈತಿ ನೋಡು! ನೀರಿಗಿ ಹಿಡಕೊಳ್ಳಾಕ ಏನೂ ಸಿಗಬಾರ್ದು. ಅಷ್ಟ."

"ಅಷ್ಟ ಆದ್ರ ಮದಲ ಆ ತಲಿ ತೊಳಕೊಂಡು ಬರ್ರಿ," ಎನ್ನುತ್ತಿದ್ದಳು ಅವ್ವ. "ಸಾರಿನ್ಯಾಗ ಚಿಪ್ಪು ಬೀಳಾಕತ್ತಾವ."

ನಮ್ಮಲ್ಲಿ ಪ್ರತಿ ಜನವರಿಯಲ್ಲಿ ಒಂದು ಸಂಘದವರು ಕೊಲ್ಲಿಯಲ್ಲಿ ಈಜು ಸ್ಪರ್ಧೆ ನಡೆಸುತ್ತಿದ್ದರು. ಮರಳು ದಂಡೆಯಿಂದ ಹೊರಟು ಆಚೆಯ ಹಳೇ ಕಟ್ಟೆಯ ಕಲ್ಲನ್ನು ಕೈಯಿಂದ ಮುಟ್ಟಬೇಕು. ತೀರ ಹಿಂದುಳಿದವರನ್ನು ಕಾವಲು ದೋಣಿಯವರು ಎತ್ತಿ ಹಾಕಿಕೊಳ್ಳುತ್ತಿದ್ದರು. ಎರಡು ಸಾವಿರದ ಎಂಟರ ಸುಮಾರಿಗೆ ಅಪ್ಪ ಇದಕ್ಕೆ ಮೊದಲ ಸಲ ಹೆಸರು ಕೊಟ್ಟ. ಈಜು ಬರುತ್ತಿತ್ತೇ? ಬರುತ್ತಿತ್ತು, ಬಾರದೇ ಏನು! ಚಿಕ್ಕಂದಿನಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಊರ ಬಾವಿಯಲ್ಲಿ ಕಲಿತವನು. ಆದರೆ ಬಾವಿ ದುಂಡಗಿರುತ್ತದಲ್ಲ! ಅಪ್ಪನ ಈಜೂ ದುಂಡಗಿತ್ತು. ಎಲ್ಲರೂ ಕಟ್ಟೆಯ ಕಡೆ ಹೋದರೆ ಅಪ್ಪ ದೊಡ್ಡದೊಂದು ಸುತ್ತು ಹಾಕಿ, ತಲೆ ಎತ್ತಿ, ಮೀಸೆಯಿಂದ ನೀರು ಸುರಿಸುತ್ತ, ಭಾರಿ ಗತ್ತಿನಿಂದ ಹೊರಟ ದಂಡೆಗೇ ವಾಪಸ್ಸು ಬರುತ್ತಿದ್ದ. ದೋಣಿಯವರು ಅವನನ್ನು ರೆಟ್ಟೆ ಹಿಡಿದು ಎಳೆದುಕೊಂಡರು.

ಅಂದು ಮನೆಯಲ್ಲಿ ಅಪ್ಪ ಉಣ್ಣಲಿಲ್ಲ. "ಮದಲನೇ ನಂಬರ ಬ್ಯಾಡ ನನಗ," ಎಂದ. "ಒಂದ ಸಲ, ದೋಣಿ ಹತ್ತಲಾರ್ದ, ನನ್ನ ಕೈಯಿಂದ ಆ ಕಲ್ಲು ಮುಟ್ಟಬೇಕು. ಮುಟ್ಟಿದ್ದು ನೀವು ನೋಡಬೇಕು."

ಆ ಒಂದು ಮಾತಿಗೆ ನಮ್ಮ ಮನೆ ಪಟ್ಟ ಪಾಡು ಕೇಳಿ.

ಮೊದಲಿಗೆ ನೇರ ಹೋಗುವುದನ್ನು ಕಲಿಯಬೇಕಿತ್ತು. ತಲೆ ಎತ್ತಿದರೆ ಕಾಲು ಮುಳುಗುತ್ತವೆ, ಮುಳುಗಿದ ಕಾಲು ಲಂಗರು ಇದ್ದ ಹಾಗೆ ಎಂದು ಅಪ್ಪ ಕಂಡುಹಿಡಿದ. ಆದ್ದರಿಂದ ಎರಡೂ ಕೈ ತಲೆಯ ಮೇಲೆ ಜೋಡಿಸಿ, ಕಿವಿಗೆ ಒತ್ತಿ, ಗದ್ದ ತಗ್ಗಿಸಿ ಬಾಣವಾಗಬೇಕು. ಅಪ್ಪ ಎಲ್ಲೆಂದರಲ್ಲಿ ಬಾಣವಾಗತೊಡಗಿದ. ಅಡುಗೆಮನೆ ಬಾಗಿಲಲ್ಲಿ ಬಾಣ, ನಲ್ಲಿಯ ಸಾಲಿನಲ್ಲಿ ಬಾಣ! ಒಮ್ಮೆ ನಾವಿಬ್ಬರೂ ವಾಸ್ಕೋದಿಂದ ಬರುತ್ತಿದ್ದ ಬಸ್ಸು ತುಂಬಿ ತುಳುಕುತ್ತಿತ್ತು. ಕಂಡಕ್ಟರ್ ಎಂದಿನಂತೆ "ಫುಡೆಂ, ಫುಡೆಂ!" ಎಂದು ಮುಂದೆ ದಬ್ಬುತ್ತಿದ್ದ. ಅಪ್ಪ ಕೈ ಜೋಡಿಸಿ, ಗದ್ದ ತಗ್ಗಿಸಿ, ಭುಜ ಕಿರಿದು ಮಾಡಿಕೊಂಡು ಜನರ ನಡುವೆ ಸರ್ರನೆ ಜಾರಿದ. ಯಾರಿಗೂ ತಾಗಲಿಲ್ಲ. ಎಷ್ಟು ಚೆನ್ನಾಗಿ ಜಾರಿದನೆಂದರೆ ಮುಂದಿನ ಬಾಗಿಲಿನಿಂದ ರಸ್ತೆಗೇ ಇಳಿದುಬಿಟ್ಟ! ಬಸ್ಸು ಹೊರಟುಹೋಯಿತು. ನಾನೊಬ್ಬನೇ ಮನೆ ತಲುಪಿದೆ. ಮುಕ್ಕಾಲು ತಾಸಿನ ನಂತರ ನಡೆದು ಬಂದ ಅಪ್ಪ ಬಾಗಿಲಲ್ಲೇ ನಿಂತು, "ನೋಡಿದಿ? ಹಿಡಿಯಾಕ ಏನೂ ಸಿಗಲಿಲ್ಲ!" ಎಂದ.

ಆಮೇಲೆ ಅರಿವೆಯ ಸರದಿ. ದೊಡ್ಡ ದೊಡ್ಡ ಈಜುಗಾರರು ಕುತ್ತಿಗೆಯಿಂದ ಪಾದದವರೆಗೆ ಮೈಗಂಟಿದ ನುಣುಪು ಉಡುಪು ತೊಟ್ಟು ದಾಖಲೆ ಮುರಿಯುತ್ತಿದ್ದ ಕಾಲ ಅದು. ಪೇಪರಿನಲ್ಲಿ ಫೋಟೊ ಬಂತು. ಅಪ್ಪ ಅದನ್ನು ಕತ್ತರಿಸಿ ಅವ್ವನ ಹೊಲಿಗೆ ಮಷೀನಿಗೆ ಅಂಟಿಸಿದ.

"ಇಂಥಾದ್ದು ಹೊಲದು ಕೊಡು."

"ಅರಿವಿ ಎಲ್ಲೈತ್ರಿ?"

ಅರಿವೆಗೇನು ಬರ? ಮಳೆಗಾಲದಲ್ಲಿ ಸಡಾದ ಗಾಳಿಗೆ ಮುರಿಯದ ಕೊಡೆ ಇಲ್ಲ. ಅಪ್ಪ ಓಣಿಯಿಂದ ಆರು ಮುರುಕು ಕೊಡೆ ತಂದ. ಅವ್ವ ಬೈಯುತ್ತಲೇ ಹೊಲಿದಳು. ತೊಟ್ಟು ನಿಂತಾಗ ಅಪ್ಪ ಉಪವಾಸ ಬಿದ್ದ ಬಾವಲಿಯಂತೆ ಕಂಡ. ಎರಡನೇ ವರ್ಷದ ಸ್ಪರ್ಧೆಯಲ್ಲಿ ನೀರಿಗೆ ಹಾರಿದ್ದೇ ತಡ, ಕುತ್ತಿಗೆಯಿಂದ ಒಳಹೊಕ್ಕ ನೀರು ಹೊರಗೆ ಬರಲೊಲ್ಲದು! ಬೆನ್ನು ಉಬ್ಬಿತು, ಹೊಟ್ಟೆ ಉಬ್ಬಿತು, ಅಪ್ಪ ಎಣ್ಣೆಗೆ ಬಿಟ್ಟ ಪೂರಿಯಾದ. ದೋಣಿಯವರು ಆ ಸಲ ಅಪ್ಪನ ಜೊತೆಗೆ ಒಂದಿಷ್ಟು ಸಮುದ್ರವನ್ನೂ ಎತ್ತಿ ಹಾಕಿಕೊಂಡರು.

"ಮಳಿ ಒಳಗ ಬರಬಾರ್ದಂತ ಮಾಡಿದ ಅರಿವಿರಿ ಅದು," ಎಂದಳು ಅವ್ವ. "ಹೊರಗ ಮಾತ್ರ ಹೆಂಗ ಬಿಟ್ಟೀತು?"

ಕೆಲವು ತಿಂಗಳಿಗೆ ಅಂಥ ಉಡುಪುಗಳನ್ನೆಲ್ಲ ಸ್ಪರ್ಧೆಗಳಲ್ಲಿ ನಿಷೇಧಿಸುತ್ತಾರೆಂದು ಸುದ್ದಿ ಬಂತು. ಅಪ್ಪ ಬೇಜಾರು ಮಾಡಿಕೊಂಡನೇ? ಎಲ್ಲಿ ಬಂತು! "ನಮ್ಮಂಥಾವ್ರು ಸುರು ಮಾಡಿದ್ರು, ಅವರಿಗಿ ಹೆದರಿಕಿ ಬಂತು," ಎಂದ.

ಇನ್ನು ಉಳಿದದ್ದು ಕೆರೆಯುವುದೊಂದೇ. ಮೂರನೇ ಸ್ಪರ್ಧೆಗೆ ನಾಲ್ಕು ದಿನವಿರುವಾಗ ಅಪ್ಪ ಯಾರಿಗೂ ಹೇಳದೆ ಇಳಿಜಾರಿನ ಕೆಳಗಿನ ಕಟಿಂಗ್ ಅಂಗಡಿಗೆ ಹೋಗಿ ಕುಳಿತ. ಅಂಗಡಿಯ ಮಾಮಾ ಬಾಗಲಕೋಟೆ ಕಡೆಯವನು. ಬೆಳಗಿನಿಂದ ಸಂಜೆಯವರೆಗೆ ಅವನ ರೇಡಿಯೊ ಒದರುತ್ತಲೇ ಇರುತ್ತಿತ್ತು.

"ಏನ್ ಮಾಡ್ಲಿ ಅಣ್ಣಾ?"

"ತಲಿ ಬೋಳಿಸು. ಮೀಸೀನೂ ತಗಿ."

ಹೆತ್ತವರು ಹೋಗದೆ ನಮ್ಮ ಜನ ತಲೆ ಮೀಸೆ ಎರಡನ್ನೂ ಒಟ್ಟಿಗೆ ಬೋಳಿಸುತ್ತಾರೆಯೇ? ಅಪ್ಪನ ಅಪ್ಪ ತೀರಿ ಎಷ್ಟೋ ವರ್ಷವಾಗಿತ್ತು. ಉಳಿದವಳು ಊರಿನಲ್ಲಿದ್ದ ನನ್ನ ಅಜ್ಜಿ. ಮಾಮಾ ಒಂದು ಮಾತೂ ಕೇಳಲಿಲ್ಲ. ಮೊದಲು ರೇಡಿಯೊ ಬಂದ್ ಮಾಡಿದ. ತಲೆ ತಗ್ಗಿಸಿ ಕೆಲಸ ಮುಗಿಸಿದ. ಅಪ್ಪ ಎದುರಿನ ಅಂಗಡಿಗೆ ಶೇಂಗಾ ಎಣ್ಣೆ ತರಲು ಹೋದಾಗ, ದಾರಿಯಲ್ಲಿ ಹೋಗುತ್ತಿದ್ದವರಿಗೆಲ್ಲ ಮೆಲ್ಲಗೆ ಸುದ್ದಿ ಹೇಳಿದ.

ಅಪ್ಪ ಎಣ್ಣೆ ಹಿಡಿದು ಇಳಿಜಾರು ಏರಿ ಬರುವಷ್ಟರಲ್ಲಿ ಮನೆ ಮುಂದೆ ಹನ್ನೆರಡು ಹೆಂಗಸರು. ನಡುವೆ ಅವ್ವ, "ನಮ್ಮತ್ತೀ!" ಎಂದು ಅಳುತ್ತಿದ್ದಾಳೆ. ಅಪ್ಪ ಗಾಬರಿಯಾಗಿ, "ಏನಾತು?" ಎಂದ.

"ಅತ್ತಿ ಹ್ವಾದ್ರಂತಲ್ರಿ!"

ಅಪ್ಪನ ಕೈಯಿಂದ ಎಣ್ಣೆ ಡಬ್ಬಿ ಬಿತ್ತು. ಊರಿನಿಂದ ಫೋನು ಬಂದಿದೆಯೆಂದೇ ನಂಬಿದ. "ಯವ್ವಾ!" ಎಂದು ಹೊಸ್ತಿಲ ಮೇಲೆ ಕುಸಿದು ಎಲ್ಲರಿಗಿಂತ ಜೋರಾಗಿ ಅತ್ತ. ಅಷ್ಟು ಜನರಿಗೆ ಸುದ್ದಿ ಕೊಟ್ಟದ್ದು ತನ್ನದೇ ಬೋಳುತಲೆ ಎಂಬುದು ಪಾಪ ಅವನಿಗೇ ಗೊತ್ತಿಲ್ಲ! ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನಾಲ್ಕು ಮನೆಗಳಿಂದ ರೊಟ್ಟಿ, ಝುಣಕ, ಅನ್ನ, ಸಾರು ಬಂದವು. ಕೊನೆಗೆ, ಮಣ್ಣು ಕೊಡುವುದು ಎಷ್ಟು ಹೊತ್ತಿಗೆ ಎಂದು ಕೇಳಲು ನಾನು ಊರಿಗೆ ಫೋನು ಹಚ್ಚಿದೆ. ಎತ್ತಿದವಳು ಅಜ್ಜಿ!

"ಯಾರು, ನಾ ಸತ್ತೇನಾ? ಯಾವಾಗಲೋ? ನಾ ಇಲ್ಲಿ ಉಣ್ಣಾಕತ್ತೇನಿ. ಕೊಡು ನಿಮ್ಮಪ್ಪಗ!"

ಫೋನು ಕಿವಿಯಿಂದ ಮೊಳ ದೂರ ಹಿಡಿದರೂ ಓಣಿಗೆಲ್ಲ ಕೇಳಿಸಿತು. "ನಾ ಇರೂವಾಗ ತಲಿ ಬೋಳಿಸಿದೆಲ್ಲೋ! ನಾಳೆ ಖರೇನ ಸತ್ತಾಗ ಏನ್ ಬೋಳಿಸ್ತಿ?"

"ಅಷ್ಟರಾಗ ಬೆಳಿತೈತಿ ಬಿಡವ್ವಾ," ಎಂದ ಅಪ್ಪ, ಕಣ್ಣೊರೆಸಿಕೊಳ್ಳುತ್ತ. ಬಂದ ರೊಟ್ಟಿಯನ್ನು ವಾಪಸ್ಸು ಕೊಡುವುದು ಹೇಗೆ? ಅತ್ತವರೆಲ್ಲ ಸೇರಿ ಅಲ್ಲೇ ಉಂಡೆವು. ಅಂಥ ರುಚಿಯಾದ ಸೂತಕದ ಊಟ ನಾನು ಮತ್ತೆ ಉಂಡಿಲ್ಲ.

ಮೂರನೇ ಸ್ಪರ್ಧೆಯ ದಿನ ಅಪ್ಪ ಬೋಳುತಲೆಯಿಂದ ಅಂಗಾಲಿನವರೆಗೆ ಶೇಂಗಾ ಎಣ್ಣೆ ಬಳಿದುಕೊಂಡ. ಬಾರ್ಜಿನ ಕೆಂಪು ಬಣ್ಣವನ್ನೇ ಬಳಿಯುವವನಿದ್ದ. ಅವ್ವ ಬ್ರಶ್ಶು ಅಡಗಿಸಿಟ್ಟಿದ್ದಳು. ನಾನಾಗ ಕಾಲೇಜು ಹುಡುಗ. ಜೊತೆಗಾರರು ನೋಡಿ ನಗುತ್ತಾರೆಂದು, ಅಪ್ಪ ನೀರಿಗೆ ಹಾರುತ್ತಲೇ ನಾನು ಭೇಲ್ ಗಾಡಿಯ ಹಿಂದೆ ಸರಿದುಬಿಟ್ಟೆ. ಮುಂದಿನದನ್ನು ಅವ್ವನೇ ಹೇಳಬೇಕು.

ಎಲ್ಲರೂ ಮುಟ್ಟಿಯಾಗಿತ್ತು. ಅಪ್ಪ ಇನ್ನೂ ನಡುನೀರಿನಲ್ಲಿದ್ದ. ದೋಣಿಯವರು ಬಂದು ತೋಳು ಹಿಡಿದರು, ಜಾರಿತು. ಕಾಲು ಹಿಡಿದರು, ಜಾರಿತು. ಕೂದಲು ಹಿಡಿಯೋಣವೆಂದರೆ ಕೂದಲೇ ಇಲ್ಲ! "ಹೊ ಮನಿಸ್ ಕಾ ಮಾಸಳಿ?" ಇವನೇನು ಮನುಷ್ಯನೋ ಮೀನೋ ಎಂದು ಕೊಂಕಣಿಯಲ್ಲಿ ಒಬ್ಬ ಕೂಗಿದನಂತೆ. ಹಿಡಿಯಲು ಏನೂ ಸಿಗದೆ ಸುಮ್ಮನೆ ಪಕ್ಕದಲ್ಲಿ ದೋಣಿ ನಡೆಸಿದರು. ಅಪ್ಪನ ಸಂಶೋಧನೆ ನೀರಿನ ಮೇಲೆ ನಡೆಯಿತೋ ಇಲ್ಲವೋ ದೇವರೇ ಬಲ್ಲ. ದೋಣಿಯವರ ಮೇಲೆ ನಡೆಯಿತು! ಬಹುಮಾನ ಹಂಚಿ, ಪೆಂಡಾಲ್ ಬಿಚ್ಚಿ, ಕುರ್ಚಿ ಹೇರುವ ಹೊತ್ತಿಗೆ ಅಪ್ಪ ಕಲ್ಲು ಮುಟ್ಟಿದ. ಕಟ್ಟೆಯ ಮೇಲೆ ಟವೆಲ್ಲು ಹಿಡಿದ ಅವ್ವನ ಹೊರತು ಯಾರೂ ಇರಲಿಲ್ಲ.

ನಾನು ಓಡಿ ಬರುವಷ್ಟರಲ್ಲಿ ಅಪ್ಪ ಮೇಲೆ ಬಂದಿದ್ದ. "ನೋಡಿದ್ಯೇನೋ? ಮುಟ್ಟಿದ್ದು ನೋಡಿದಿ?" ಎಂದ.

"ನೋಡಿದೆ," ಎಂದೆ.

ಅವ್ವ ನನ್ನ ಮುಖ ನೋಡಿದಳು. ಟವೆಲ್ಲು ಅಪ್ಪನ ಬೋಳುತಲೆಗೆ ಹಾಕಿದಳು.

ಎರಡು ವರ್ಷದ ನಂತರ ಅಪ್ಪ ಜ್ವರವೆಂದು ಆಸ್ಪತ್ರೆಗೆ ಸೇರಿದವನು ಐದನೇ ದಿನ ಬೆಳಗಿನಲ್ಲಿ ಹೋದ. ಮನೆಗೆ ಇನ್ನೂ ತಂದಿರಲಿಲ್ಲ. ಹಿರಿಯರು, ಅಷ್ಟರಲ್ಲಿ ತಲೆ ಮಾಡಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿದರು. ಸುದ್ದಿ ಇಳಿಜಾರಿನ ಕೆಳಗೆ ಇಳಿದಿರಲಿಲ್ಲ. ಅದೇ ಮಾಮಾ ಆಗಷ್ಟೇ ಅಂಗಡಿ ತೆರೆದಿದ್ದ. ನಾನು ಕುಳಿತು, "ತಲಿ ಬೋಳಿಸ್ರಿ ಮಾಮಾ, ಮೀಸೀನೂ ತಗೀರಿ," ಎಂದೆ.

ಮಾಮಾ ಬಾಯ್ತುಂಬ ನಕ್ಕ. "ಈ ವರ್ಷ ನೀನೇನೋ ತಮ್ಮಾ? ಅಪ್ಪನ್ನ ಮೀರಸಾಂವಾ? ಒಮ್ಮೆ ಮೋಸ ಹೋಗೇನಿ, ಎರಡನೇ ಸಲ ಹೋಗೂದಿಲ್ಲ!" ಎಂದವನೇ ಕೈ ಚಾಚಿ ರೇಡಿಯೊ ಇನ್ನಷ್ಟು ಜೋರು ಮಾಡಿದ. ಮಾಮಾ ಹಾಡು ಗುನುಗುತ್ತ, ತಲೆ ಅತ್ತ ಇತ್ತ ಹೊರಳಿಸಿ, ಭಾರಿ ಮುತುವರ್ಜಿಯಿಂದ ಕೆರೆದ. ಕೊನೆಗೆ ಅಂಗೈಯಿಂದ ಸವರಿ ನೋಡಿ, "ಹಿಡಿಯಾಕ ಏನೂ ಉಳಿದಿಲ್ಲ ನೋಡು. ಈ ಸಲ ನಾನೂ ನೋಡಾಕ ಬರ್ತೀನಂತ ನಿಮ್ಮಪ್ಪಗ ಹೇಳು," ಎಂದ.

"ಹೇಳ್ತೀನ್ರಿ," ಎಂದೆ.

ಹೊರಗೆ ಬಂದೆ. ಸಡಾದ ಏರಿನಲ್ಲಿ ಸಮುದ್ರದ ಗಾಳಿ ಎದುರಿಗೇ ಬೀಸುತ್ತಿತ್ತು. ತಲೆಯ ಮೇಲೆ ಎಲ್ಲೂ ನಿಲ್ಲದೆ, ಏನನ್ನೂ ಹಿಡಿಯದೆ, ನುಣ್ಣಗೆ ಹಾದುಹೋಯಿತು. ಅಪ್ಪ ಹೇಳಿದ್ದು ಖರೇ ಇತ್ತು. ನಾನು ಗದ್ದ ತಗ್ಗಿಸಿಕೊಂಡು ಮನೆಯ ಕಡೆ ನಡೆದೆ.

ಅಪ್ಪಾ, ಆ ದಿನ ನಾನು ನೋಡಿರಲಿಲ್ಲ.