ನನಗಿಂತ ಮೊದಲೇ ಒಳಗೆ ಹೋದ ನನ್ನ ಬೆರಳು

ಬೆರಳು ಒತ್ತುವ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾನ್ವಿಯಲ್ಲಿ ನನ್ನದು ರೇಷನ್ ಅಂಗಡಿ. ಎಂಥ ಹಟಮಾರಿ ಹೆಬ್ಬೆಟ್ಟಿನ ಮಷಿನ್ನೂ ನನ್ನ ಮುಂದೆ ತೆಪ್ಪಗೆ ಒಪ್ಪಿಕೊಳ್ಳುತ್ತದೆ. ಹಾಗಾಗಿ, ಯುರೋಪಿನಲ್ಲಿ ಇಳಿದ ಕೂಡಲೇ ಮುಖ ತೋರಿಸಿ ನಾಲ್ಕು ಬೆರಳು ಒತ್ತುವ ಹೊಸ ನಿಯಮ ಬಂದಿದೆ ಎಂದು ಗೊತ್ತಾದಾಗ ನಮ್ಮ ಪ್ರವಾಸದ ಗುಂಪೆಲ್ಲ ಗಾಬರಿಯಾದರೂ ನಾನು ಮಾತ್ರ ಮೀಸೆ ತಿರುವಿದೆ.

ವಿಮಾನ ನಿಲ್ದಾಣದ ಸಾಲಿನಲ್ಲಿ ನನ್ನ ಮುಂದೆ ದೇವದುರ್ಗದ ರೈಸ್ ಮಿಲ್ಲಿನ ಸಾಹುಕಾರ ಅಮರೇಶಪ್ಪನವರು. ಮುಖ ತೋರಿಸಿದರು, ಹಸಿರು ದೀಪ. ಬೆರಳಿಟ್ಟರು, ಕೆಂಪು! ಮತ್ತೆ ಇಟ್ಟರು, ಮತ್ತೆ ಕೆಂಪು!

“ಏನ್ ಮಾಡ್ಲಿ ಬಸಣ್ಣ, ಇದು ಒಲ್ಲೆ ಅನ್ನಾಕತ್ತದ,” ಎಂದು ನನ್ನತ್ತ ತಿರುಗಿದರು.

“ಸ್ವಲ್ಪ ಆ ಕಡೆ ಸರೀರಿ ಸಾವ್ಕಾರ್ರ,” ಎಂದವನೇ ಹಳದಿ ಗೆರೆ ದಾಟಿದೆ.

ಹಿಂದಿನಿಂದ ನನ್ನ ಹೆಂಡತಿ ಶಾಂತಾ, “ರೀ, ಇದು ನಿಮ್ಮ ಅಂಗಡಿ ಅಲ್ಲ, ಸುಮ್ನ ನಿಂದರ್ರಿ!” ಎಂದಳು. ಕಸುಬಿನ ಅಭಿಮಾನ ಕೇಳಬೇಕಲ್ಲ! ನನ್ನ ನಾಲ್ಕೂ ಬೆರಳನ್ನು ಎಣ್ಣೆ ಹಚ್ಚಿದ ತಲೆಗೆ ಸವರಿ, “ಹಿಂಗ ಇಡಬೇಕ್ರೀ,” ಎಂದು ಗಾಜಿನ ಮೇಲೆ ಇಟ್ಟು ತೋರಿಸಿದೆ.

ಹಸಿರು! ಬಾಗಿಲು ತೆರೆಯಿತು. ಅಮರೇಶಪ್ಪನವರು ನನಗೆ ಕೈಮುಗಿದು ಒಳಗೆ ನಡೆದರು.

ನನ್ನ ಸರದಿ. ಬೆರಳಿಟ್ಟೆ. ಮಷಿನ್ ಕಿರುಚಿಕೊಂಡಿತು. ಅಧಿಕಾರಿ ಓಡಿ ಬಂದು ಇಂಗ್ಲಿಷಿನಲ್ಲಿ ಏನೋ ಅಬ್ಬರಿಸಿದ. ಶಾಂತಾ ಹೈಸ್ಕೂಲಿನ ಇಂಗ್ಲಿಷ್ ಟೀಚರು.

“ಏನಂತ?” ಎಂದೆ.

“ಈ ಬೆರಳಿನ ಮನಷ್ಯಾ ಅಮರೇಶಪ್ಪ ಅಂತ, ಆಗಲೇ ಒಳಗ ಹೋಗ್ಯಾನಂತ.”

“ಹಂಗಾರ ಇಲ್ಲಿ ನಿಂತವ ಯಾರು?”

“ಅದನ್ನ ಅವರೂ ಕೇಳಾಕತ್ತಾರ!”

ತಲೆಯ ಎಣ್ಣೆಯೆಲ್ಲ ಬೆವರಿನ ಜೊತೆ ಇಳಿಯಿತು. ಇದು ಬಗೆಹರಿಯದಿದ್ದರೆ ನನ್ನನ್ನು ಮುಂದಿನ ವಿಮಾನಕ್ಕೇ ವಾಪಸ್ ಹತ್ತಿಸುತ್ತಾರಂತೆ!

“ನೀನೂ ಬರ್ತೀಯಲ್ಲ?” ಎಂದೆ, ದೀನನಾಗಿ.

“ನಾನ್ಯಾಕ ಬರ್ಲಿ? ನನ್ನ ಬೆರಳು ಚಲೋ ಅದಾವ,” ಎಂದಳು.

ನಿಜಕ್ಕೂ ಅಳು ಬಂತು.

ಕೊನೆಗೆ ಅಮರೇಶಪ್ಪನವರನ್ನು ಹೊರಗೆ ಕಾಯುತ್ತಿದ್ದ ನಮ್ಮ ಗುಂಪಿನ ಬಸ್ಸಿನಿಂದ ಇಳಿಸಿ ಕರೆತಂದರು. ಅವರ ಬೆರಳು ಅವರಿಗೆ, ನನ್ನ ಬೆರಳು ನನಗೆ ಎಂದು ಹೊಸದಾಗಿ ಹಂಚಿಕೆಯಾಯಿತು. ಶಾಂತಾ ನನ್ನ ಪರವಾಗಿ ಎಷ್ಟು ಸಲ ಕ್ಷಮೆ ಕೇಳಿದಳೋ! ಅಧಿಕಾರಿ ಅವಳಿಗೆ ಒಂದೇ ಷರತ್ತು ಹಾಕಿದ: ನಿಲ್ದಾಣ ದಾಟುವ ತನಕ ಈತನ ಕೈ ಬಿಡಬೇಡಿ.

ಹಾಗೇ ಬಸ್ಸು ಹತ್ತಿದೆವು. ಗುಂಪೆಲ್ಲ ಚಪ್ಪಾಳೆ! “ನೋಡ್ರೀ, ಯುರೋಪಿಗೆ ಬಂದ ಕೂಡ್ಲೇ ಗಂಡ ಹೆಂಡ್ತಿ ಕೈ ಕೈ ಹಿಡ್ಕೊಂಡಾರ!” ಎಂದು ಯಾರೋ ಕೂಗಿದರು. ನಾನು ನಾಚಿಕೊಂಡು ಅವಳ ಮುಖ ನೋಡಿದೆ.

“ಬಿಡಂಗಿಲ್ಲ,” ಎಂದಳು ಶಾಂತಾ, ಹಿಡಿತ ಬಿಗಿ ಮಾಡುತ್ತ. “ಬಿಟ್ರ ಮತ್ತ ಎಲ್ಲ್ಯಾರ ಹೋಗಿ ಒತ್ತತೀರಿ!”