ನಮ್ಮತ್ತಿಯ ಹರಕಿ ಹುಂಜ

ಕೋಳಿ ಸಾಕಿದರ ಮನಿ ತುಂಬ ತತ್ತಿ ಅಂತ ಯಾರು ಹೇಳಿದರೋ, ಅವರು ಕೋಳಿ ಸಾಕಿದವರಲ್ಲ ಬಿಡ್ರಿ. ಗಜೇಂದ್ರಗಡದ ನೇಕಾರ ಓಣಿಗೆ ನಾ ಸೊಸಿಯಾಗಿ ಬಂದಾಗ ನಮ್ಮೂರಿನ್ನೂ ಮುಂಬೈ ರಾಜ್ಯದಾಗಿತ್ತು. ಮುಂದ ರಾಜ್ಯ ಬದಲಾತು. ನಮ್ಮ ಹಿತ್ತಲದ ಕೋಳಿಗಳ ಬುದ್ಧಿ ಮಾತ್ರ ಬದಲಾಗಲಿಲ್ಲ. ದಿನಾ ಒಂದಿಲ್ಲೊಂದು ರಾಮಾಯಣ. ಅದರಾಗೂ ಒಂದು ಕೆಂಪು ಹುಂಜ ಇತ್ತು ನೋಡ್ರಿ, ಅದರ ಕಥಿ ಹೇಳಿದರ ನಿಮಗ ನಗು ಬರತೈತಿ, ನನಗ ಇವತ್ತಿಗೂ ಸಿಟ್ಟು ಬರತೈತಿ.

ಹರಕಿ

ನಮ್ಮ ನಾದಿನಿ, ಅಂದರ ನನ್ನ ಗಂಡನ ತಂಗಿ, ಸೂಡಿಯೊಳಗ ಗಂಡನ ಮನ್ಯಾಗಿದ್ಲು. ಆಕಿ ಬಸುರಿ ಅಂತ ಸುದ್ದಿ ಬಂದ ದಿನಾನ ನಮ್ಮತ್ತಿ ಹಿತ್ತಲಕ್ಕ ಹೋಗಿ, ಇದ್ದುದರಾಗ ದಪ್ಪನ್ನ ಆ ಕೆಂಪು ಹುಂಜ ಹಿಡಿದು, ಹಣಿಗೆ ಅರಿಷಿಣದ ಭಂಡಾರ ಹಚ್ಚಿ, "ತಾಯಿ ದ್ಯಾಮವ್ವಾ, ನನ್ನ ಮಗಳು ಸುಸೂತ್ರ ಹಡೀಲಿ, ಈ ಹುಂಜ ನಿನಗ" ಅಂತ ಹರಕಿ ಹೊತ್ತಳು.

ಅವತ್ತಿನಿಂದ ಆ ಹುಂಜಕ್ಕ ಬಡಿಯೂಹಂಗಿಲ್ಲ, ಬೈಯೂಹಂಗಿಲ್ಲ, "ಹುಶ್" ಅಂತ ಓಡಸೂಹಂಗೂ ಇಲ್ಲ. ಅದು ನನ್ನ ಕಾಲು ಕುಕ್ಕಿದರ ನಾನ ಕಾಲು ಹಿಂದಕ್ಕ ತಗೋಬೇಕು. ಒಂದಿನ ರಗತ ಬರೂಹಂಗ ಕುಕ್ಕಿತು. ಅತ್ತಿಗೆ ತೋರಿಸಿದೆ. ಆಕಿ ಓಡಿ ಬಂದು ಹುಂಜನ ಕೊಕ್ಕು ಹಿಡಿದು ನೋಡಿ ಅಂದ್ಲು, "ನಿನ್ನ ಕಾಲುಂಗುರಕ್ಕ ಬಡದು ಕೊಕ್ಕಿಗೆ ಪೆಟ್ಟಾಗೇತೇನೋ ಅಂತ ಜೀವ ಹಾರಿಹೋತು ನನಗ!"

ಗಂಜಿ

ನೇಕಾರರ ಮನಿ ಕೆಲಸ ನಿಮಗ ಗೊತ್ತಿರಲಿಕ್ಕಿಲ್ಲ. ಸೀರಿ ಹಾಸಿನ ನೂಲನ್ನ, ಅಂದರ ಉದ್ದನ ಎಳಿಗಳನ್ನ, ಓಣಿ ಉದ್ದಕ್ಕ ಬಿಗದು, ಗಂಜಿ ಹಚ್ಚಿ ಒಣಗಸಬೇಕು. ಆ ಗಂಜಿ ಕಾಸೂದು ನನ್ನ ಕೆಲಸ. ನೂಲು ಗಟ್ಟಿ ಆದರನ ಮಗ್ಗ ನಡೀತೈತಿ, ಮಗ್ಗ ನಡೆದರನ ನಮ್ಮ ಒಲಿ ಉರೀತೈತಿ.

ಒಂದಿನ ನಮ್ಮ ಮನಿಯವರು ಗಂಜಿ ಹಚ್ಚಿ, ಚಾ ಕುಡೀಲಿಕ್ಕೆ ಒಳಗ ಬಂದರು. ಹೊರಗ ಹೋಗಿ ನೋಡತಾರ, ನಮ್ಮ ಹುಂಜ ಓಣ್ಯಾನ ಎಲ್ಲಾ ಕೋಳಿಗಳನ್ನ ಕರಕೊಂಡು ಬಂದು ಪಂಕ್ತಿ ಹಾಕಸೇತಿ! ಹಾಸಿನ ಗುಂಟ ಸಾಲಾಗಿ ನಿಂತು ಗಂಜಿ ಕುಕ್ಕಲಿಕ್ಕೆ ಹತ್ತಾವ. ನೂಲು ಪಟಪಟ ಹರೀಲಿಕ್ಕೆ ಹತ್ತಾವ. ಮನಿಯವರು ಬಡಿಗಿ ತಗೊಂಡು ಹಾರಿದರು. ಅತ್ತಿ ನಡುವ ಬಂದು ನಿಂತ್ಲು.

"ಏ, ದೇವಿ ಹುಂಜಕ್ಕ ಕೈ ಎತ್ತತಿಯೇನೋ?"

"ಯವ್ವಾ, ಹೊಟ್ಟಿ ಮ್ಯಾಲ ಹೊಡದೈತಲ್ಲ ಇದು!"

"ನೂಲು ಹರಿದರ ಗಂಟು ಹಾಕಬಹುದು. ಹರಕಿ ಹರಿದರ ಏನ ಮಾಡತಿ?"

ಮನಿಯವರು ಹಲ್ಲು ಕಡಕೊಂಡು ಸಂಜಿತನಕ ನೂಲು ಕೂಡಿಸಿದರು. ನಾ ಬಾಜೂಕ ಕುಂತು ಕಣ್ಣೀರು ಹಾಕಿದೆ. ಅತ್ತಿ ಬಂದು ನನ್ನ ಬೆನ್ನು ಸವರಿದ್ಲು. "ಅಳಬ್ಯಾಡವಾ. ನೀ ಈ ಮನಿಗೆ ಬಂದಾಗಿಂದ, ನಿನ್ನ ಕೈಯಾಗಿಂದು ಮೆಚ್ಚಿ ತಿಂದದ್ದು ಅದೊಂದ."

ಮೊದಲನೇ ಬಸ್ಸು

ಬಾಜೂ ಮನಿ ಸಾವಕಾರ್ರು ಕಾಳಿನ ವ್ಯಾಪಾರಸ್ಥರು. ಕೋಳಿ ಅಂದರ ಮೂಗು ಮುಚ್ಚಿಕೊಳ್ಳುವಷ್ಟು ಮಡಿ. ದಿನಾ ಬೆಳಿಗ್ಗೆ ಗ್ವಾಡಿ ಮ್ಯಾಲಿಂದ ಹಣಕಿ ಹಾಕಿ, "ಏನ ತಂಗಿ, ನಿಮ್ಮ ಹುಂಜ ನಿದ್ದಿ ಮಾಡಗೊಡೂದಿಲ್ಲಲ್ಲ" ಅಂತ ಗೊಣಗತಿದ್ರು.

ಖರೇ ಹೇಳತೇನಿ, ನನಗ ಅವರ ಮ್ಯಾಲ ಕರುಣಾ ಬಂತು. ಒಂದು ಸಂಜಿ ಹುಂಜನ್ನ ಒಳಕೋಣ್ಯಾಗ ಬುಟ್ಟಿ ಕೆಳಗ ಮುಚ್ಚಿ, ಮ್ಯಾಲ ಕಂಬಳಿ ಹೊಚ್ಚಿದೆ. ಮರುದಿನ ಅದರ ದನಿ ಹೊರಗ ಹೊಂಡಲಿಲ್ಲ. ಬಿಸಿಲು ಏರಿದ ಮ್ಯಾಲ ಸಾವಕಾರ್ರು ಧೋತರ ಕೈಯಾಗ ಹಿಡಕೊಂಡು ನಮ್ಮ ಬಾಗಿಲಿಗೆ ಓಡಿ ಬಂದರು.

"ಎಲ್ಲೈತಿ ನಿಮ್ಮ ಹುಂಜ? ಇವತ್ತ್ಯಾಕ ಕೂಗಲಿಲ್ಲ? ರೋಣದ ಮೊದಲನೇ ಬಸ್ಸು ಹೋತು, ನನ್ನ ಪ್ಯಾಟಿ ಕೆಲಸ ಮಣ್ಣಪಾಲಾತು!"

"ನಿಮಗ ನಿದ್ದಿ ಬರಲೆಂತ ಮುಚ್ಚಿಟ್ಟೇನ್ರಿ."

"ನಿದ್ದಿ ಬಂತಲ್ಲ, ಅದಕ್ಕ ಬಸ್ಸು ಹೋತು!" ಅಂದವರು, ಅತ್ತಿ ಕಡೆ ತಿರುಗಿ, "ಯವ್ವಾ, ನಿಮ್ಮ ಸೊಸಿಗೆ ಜೀವದ ಮ್ಯಾಲ ದಯಾ ಇಲ್ಲ ನೋಡ್ರಿ" ಅಂತ ನನ್ನ ಮ್ಯಾಲನ ಚಾಡಿ ಹೇಳಿ ಹೋದರು.

ಅಪ್ಪಣಿ

ಅಂತೂ ನಾದಿನಿ ಸುಸೂತ್ರ ಹಡೆದಳು. ಕೂಸು ಎತ್ತಿಕೊಂಡು, ಗಂಡನ ಮನಿ ಮಂದೀನೆಲ್ಲಾ ಕರಕೊಂಡು ಹರಕಿ ಮುಟ್ಟಸಾಕ ಬಂದಳು. ಎಲ್ಲಾರಕಿಂತ ಹೆಚ್ಚು ಖುಷಿ ಆದಾಕಿ ನಾನ. ನನ್ನ ಮದಿವ್ಯಾಗೂ ಅಷ್ಟು ಹಿಗ್ಗಿದ್ದಿಲ್ಲ. ನಸುಕಿನ್ಯಾಗ ಎದ್ದು ಮಸಾಲಿ ಅರದೆ, ರೊಟ್ಟಿ ಬಡದೆ, ಹಾಡು ಬ್ಯಾರೆ ಹಾಡಿದೆ. ಇವತ್ತಿಗೆ ಈ ಪೀಡಾ ಹೋತು ಅಂತ.

ದ್ಯಾಮವ್ವನ ಗುಡಿ ಮುಂದ ಒಂದು ಪದ್ಧತಿ ಐತಿ. ಹುಂಜನ ಮ್ಯಾಲ ಅರಿಷಿಣ ನೀರು ಹಾಕತಾರ. ಅದು ಮೈ ಜಾಡಿಸಿದರ ದೇವಿ ಒಪ್ಪಿದಳು ಅಂತ ಅರ್ಥ. ಜಾಡಿಸಲಿಲ್ಲಂದರ ಕೊಯ್ಯೂಹಂಗಿಲ್ಲ. ನಾ ಪಾತ್ರಿ ತೊಳೆಯುವಾಗ ಒಂದು ಹನಿ ಸಿಡಿದರ ಸಾಕು, ಗುಡಸಲ ಹಾರಿಹೋಗೂಹಂಗ ಜಾಡಸತಿದ್ದ ಹುಂಜ ಅದು. ಏನೂ ಚಿಂತಿ ಇರಲಿಲ್ಲ ನನಗ.

ಪೂಜಾರಿ ನೀರು ಹಾಕಿದ. ಹುಂಜ ಹೊಸ ಅಳಿಯನಂಗ ಗಂಭೀರಾಗಿ ನಿಂತಿತು. ಮತ್ತ ಹಾಕಿದ. ಕಣ್ಣು ಮುಚ್ಚಿತು. ನಮ್ಮ ಮನಿಯವರು ಒಂದು ಕೊಡಾನ ತಂದು ಸುರುವಿದರು. ಊಹ್ಞೂಂ! ತೊಯ್ದು ತೊಪ್ಪಿ ಆಗಿ ನಿಂತಿತ ಹೊರತು ಒಂದು ಗರಿ ಅಲುಗಿಸಲಿಲ್ಲ. ಸೂಡಿ ಬೀಗರು ಹಸಿದು ಒಬ್ಬರ ಮಾರಿ ಒಬ್ಬರು ನೋಡಾಕತ್ತಿದರು.

ಪೂಜಾರಿ ಕಣ್ಣು ಮುಚ್ಚಿ ಹೇಳಿದ, "ಮನ್ಯಾಗ ಯಾರಿಗೋ ಈ ಹುಂಜನ ಮ್ಯಾಲ ಸಿಟ್ಟೈತಿ. ಅವರು ತಪ್ಪಾತಂತ ಬೇಡಿಕೋಬೇಕು."

ಅಷ್ಟೂ ಮಂದಿ ತಿರುಗಿ ನನ್ನ ನೋಡಿದರು. ಸಾವಕಾರ್ರು ಸುದ್ದಾ, ದೂರದಾಗ ಮೂಗು ಮುಚ್ಚಿಕೊಂಡು ನಿಂತವರು!

ಏನ ಮಾಡಲಿ? ಗಲ್ಲ ಬಡಕೊಂಡು, "ತಾಯೀ, ತಪ್ಪಾತು. ನನಗ ಇದರ ಮ್ಯಾಲ ಸಿಟ್ಟಿಲ್ಲ. ಹೊಟ್ಟ್ಯಾನ ಕೂಸಿನಂಗ ಐತಿ ನನಗ. ಇದನ್ನ ಬಿಟ್ಟು ಹ್ಯಾಂಗ ಇರಲಿ ಅಂತ ಸಂಕಟ ಆಗೇತಿ" ಅಂದೆ.

ದೇವಿ ಮುಂದ ಸುಳ್ಳು ಹೇಳಬಾರದು ಅಂತ ನನಗ ಅವತ್ತ ತಿಳೀತು. ಪೂಜಾರಿ ಕಣ್ಣು ತೆರೆದು ಅಂದ, "ಆತು. ನಿನ್ನ ಸಂಕಟಾ ತಾಯಿಗೆ ಮುಟ್ಟೇತಿ. ಆಕಿ ಹುಂಜ ಒಲ್ಲೆ ಅಂತಾಳ, ಕಾಯಿ ಒಡೀರಿ ಸಾಕು. ಇದನ್ನ ಮನಿಗೆ ಒಯ್ದು ಜೀವ ಇರೂತನಕ ನೀನ ಜ್ವಾಪಾನ ಮಾಡವಾ."

ಮನಿಗೆ ಹೊಳ್ಳಿ ಬಂದ ಮ್ಯಾಲ ನಾ ಅರದ ಮಸಾಲಿ ಬದನಿಕಾಯಿ ಪಾಲಾತು. ಬೀಗರು ಉಂಡು, ಬಾಯಿ ಒರೆಸಿಕೊಂಡು ನನ್ನ ಒಳ್ಳೇ ಮನಸನ್ನ ಹೊಗಳಿದರು. ಅತ್ತಿಯಂತೂ ಹುಂಜನ್ನ ಉಡಿಯೊಳಗಿಂದ ಇಳಿಸಿರಲಿಲ್ಲ. ಬೀಗರು ಎದ್ದ ಮ್ಯಾಲ ನನ್ನ ಮುಂದ ತಂದು ಇಳಿಸಿದ್ಲು.

ನೆಲಕ್ಕ ಕಾಲು ಊರಿತೋ ಇಲ್ಲೋ, ಭರ್ರ್ ಅಂತ ಮೈ ಜಾಡಿಸಿತು! ಅರಿಷಿಣ ನೀರೆಲ್ಲಾ ನನ್ನ ಮಾರಿ ಮ್ಯಾಲ.

ನಾ ಚೀರಿದೆ, "ಅತ್ತೀ, ಜಾಡಿಸ್ತ್ರಿ! ಜಾಡಿಸ್ತು! ಅಪ್ಪಣಿ ಆತು, ಲಗೂ ಏಳ್ರಿ, ಹೊಳ್ಳಿ ಗುಡಿಗೆ ಹೋಗೂಣು!"

ನಮ್ಮತ್ತಿ ಎಲಿ ಅಡಿಕಿ ಬಾಯಿಗೆ ಹಾಕ್ಕೊಂಡು, ನೀರು ಇಳಿಯೋ ನನ್ನ ಮಾರಿ ನೋಡಿ ಅಂದ್ಲು:

"ಅದು ದೇವಿ ಅಪ್ಪಣಿ ಅಲ್ಲವಾ, ಹುಂಜನ ಅಪ್ಪಣಿ. ಕಾಳು ಹಾಕ ನಡಿ."